ಹೆಸರು ಹೇಳಿದವರಿಗಷ್ಟೇ ಫೋನು

ಮನೆಗೆ ಫೋನು ಬಂದ ಮನುಷ್ಯನಿಗೆ ಊರಿಗೆಲ್ಲ ಉಪಕಾರ ಮಾಡುವ ಹುಚ್ಚು ಹಿಡಿಯುತ್ತದೆ ಎಂಬುದು ನನ್ನ ಸಿದ್ಧಾಂತ. ಸಿರುಗುಪ್ಪದ ನಮ್ಮ ಬೀದಿಗೆ ಮೊದಲ ಫೋನು ನಮ್ಮದೇ ಆದಾಗ, ಎಕ್ಸ್‌ಚೇಂಜಿನ ಆಪರೇಟರ್ ರುದ್ರಪ್ಪನಿಗೆ ನಾನು ಗಂಭೀರವಾಗಿ ಸಾರಿದ್ದೆ: "ದೇಶನೂರು, ಹಚ್ಚೊಳ್ಳಿಯವ್ರನ್ನ ಯಾರು ಕೇಳಿದ್ರೂ ನಮ್ಮ ಮನಿಗೆ ಕೊಡಪ. ಸುದ್ದಿ ನಾ ಮುಟ್ಟಿಸ್ತೀನಿ." ರುದ್ರಪ್ಪ ಅದನ್ನು ವೇದವಾಕ್ಯವೆಂದು ನಂಬಿದ. ಆ ಊರುಗಳವರ ಒಪ್ಪಿಗೆ ಇದೆಯೇ ಎಂದು ಅವನೂ ವಿಚಾರಿಸಲಿಲ್ಲ, ನಾನೂ ವಿಚಾರಿಸಲಿಲ್ಲ. ಅಂದಿನಿಂದ ಭತ್ತದ ಧಾರಣೆ, ಕೆಟ್ಟುನಿಂತ ಟ್ರ್ಯಾಕ್ಟರು, ಮುನಿಸಿಕೊಂಡ ಬೀಗರು ಎಲ್ಲರೂ ನಮ್ಮ ಪಡಸಾಲೆಯಲ್ಲೇ ಗಣಗಣ ಎನ್ನತೊಡಗಿದರು. ಕುರುಗೋಡಿನ ಎತ್ತಿನ ವ್ಯಾಪಾರಿಯೊಬ್ಬ, ನಾನು ಕಣ್ಣಾರೆ ಕಾಣದವನು, ನಮ್ಮದನ್ನು ತನ್ನದೇ ಫೋನೆಂದು ಸಂತೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದನಂತೆ.

ಅದೂ ನಡೆದೀತು. ಆದರೆ ಆಗಲೇ ಮಗಳನ್ನು ಚೊಚ್ಚಲ ಹೆರಿಗೆಗೆ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ್ದೆವು. ಜೊತೆಗಿದ್ದ ನನ್ನ ಹೆಂಡತಿ ಬೆಳಿಗ್ಗೆ ಫೋನು ಮಾಡಿ, "ಕಷ್ಟ ಐತಿ ಅಂತಾರ ಡಾಕ್ಟ್ರು. ಫೋನ್ ಬಿಟ್ಟು ಏಳಬ್ಯಾಡ್ರಿ" ಎಂದಿದ್ದಳು. ಕೂತೆ. ಬಂದದ್ದು ಹಚ್ಚೊಳ್ಳಿಯ ಯಾರದೋ ಎಮ್ಮೆ ಈದ ಸುದ್ದಿ. ಮತ್ತೆ ಗಣಗಣ, ಹಾರಿ ಎತ್ತಿದೆ. ಎತ್ತಿನ ವ್ಯಾಪಾರಿ ಇದ್ದಾನೆಯೇ ಎಂದು ಕೇಳಿದರು! ರುದ್ರಪ್ಪನ ಮೇಲೆ ಹರಿಹಾಯ್ದೆ: "ಇನ್ನ ಮ್ಯಾಲೆ ನನ್ನ ಹೆಸರು ಹೇಳಿ ಕೇಳಿದವ್ರಿಗಷ್ಟ ಕೊಡು. ಉಳಿದವ್ರು ದೇವ್ರಾದ್ರೂ ಬ್ಯಾಡ."

ಫೋನು ಸುಮ್ಮನಾಯಿತು. ಮೊದಮೊದಲು ಹಾಯೆನಿಸಿತು. ಮಧ್ಯಾಹ್ನ ತಟ್ಟೆಯನ್ನು ಫೋನಿನ ಪಕ್ಕದಲ್ಲೇ ಇಟ್ಟುಕೊಂಡು ಕೂತೆ. ಸಂಜೆ ನಾನೇ ರಿಸೀವರ್ ಎತ್ತಿ, "ಬಳ್ಳಾರಿಯಿಂದ ಏನೂ ಬಂದಿಲ್ಲೇನು ರುದ್ರಪ್ಪ?" ಎಂದೆ.

"ಒಬ್ಬ ಹೆಣ್ಮಗಳು ಒಂದ ಸವನ ಮಾಡಾಕತ್ತಾಳ್ರಿ. ಯಾರು ಬೇಕವ್ವ ಅಂದ್ರ 'ನಮ್ಮ ಮನಿಯವ್ರು' ಅಂತಾಳ. ಹೆಸರು ಹೇಳು ಅಂದ್ರ 'ಅಯ್ಯ ಶಿವನ, ಗಂಡನ ಹೆಸರು ಬಾಯಿಲೆ ಹೆಂಗ ಹೇಳ್ಲಿ' ಅಂತಾಳ. ನಿಮ್ಮ ಕಟ್ಟಪ್ಪಣಿ ಐತಲ್ರಿ, ನಾ ಕೊಡಲಿಲ್ಲ."

ಆಸ್ಪತ್ರೆಗೆ ಕೊಡೋ ಎಂದು ಕಿರುಚಿದೆ. ಯಾರನ್ನು ಕರೆಸಲಿ ಎಂದು ಅತ್ತಲಿಂದ ಕೇಳಿದರು. ಮದುವೆಯಾದಂದಿನಿಂದ ಹೆಂಡತಿಯನ್ನು 'ಇಕಿ' ಎಂದೇ ಕರೆದು ಕಾಲ ತಳ್ಳಿದ್ದ ನಾನು "ಪಂಪಮ್ಮ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

"ಹೆಣ್ಣು ಕೂಸು ರೀ. ತಾಯಿ, ಕೂಸು ಇಬ್ರೂ ಆರಾಮ ಅದಾರ" ಎಂದಳು. ನಾನು ರಿಸೀವರ್ ಹಿಡಿದೇ ದೇವರ ಗೂಡಿನತ್ತ ಕೈಮುಗಿದೆ. ಅವಳು ಮುಂದುವರಿದಳು: "ಆದ್ರ ಎಕ್ಸ್‌ಚೇಂಜಿನ ಆ ಮನುಷ್ಯ ನನ್ನ ಬಾಯಿಲೆ ನಿಮ್ಮ ಹೆಸರು ಹೊರಡಸಾಕ ನಿಂತಾನಲ್ಲ, ಇಂಥ ಕಾನೂನು ಮಾಡಿದ ತಲಿಕೆಟ್ಟವ ಯಾರ್ರೀ?"

ಲೈನಿನಲ್ಲಿ ರುದ್ರಪ್ಪ ಉಸಿರು ಬಿಗಿಹಿಡಿದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಸರಕಾರ" ಎಂದೆ.