ಹರಿಹರದಲ್ಲಿ ಕ್ಲಸ್ಟರ್ ಹುಡುಕಿದ್ದು

ಸರ್ಕಾರಿ ನೌಕರಿಯಲ್ಲಿ ನಗೆಪಾಟಲಾಗಲು ವಿಶೇಷ ಪ್ರತಿಭೆಯೇನೂ ಬೇಕಿಲ್ಲ. ಕಂಕುಳಲ್ಲೊಂದು ಫೈಲಿದ್ದರೆ ಸಾಕು, ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ನಾನೊಂದು ಕಚೇರಿಯಲ್ಲಿ ಸಮೀಕ್ಷೆ ಗುಮಾಸ್ತ. ಹತ್ತಿ ಗಿರಣಿಗಳು ಒಂದೊಂದಾಗಿ ಕಣ್ಣು ಮುಚ್ಚಿದ್ದವು. ಊರು ಉಳಿಯಬೇಕಾದರೆ ಕ್ಲಸ್ಟರ್ ಹುಡುಕಿ ಎಂದು ಮೇಲಿನಿಂದ ಆದೇಶ ಬಂತು. ಒಂದೇ ಬಗೆಯ ಸಣ್ಣ ಕಾರ್ಖಾನೆಗಳು ಗುಂಪಾಗಿ ಎಲ್ಲಿವೆ ನೋಡಿ, ಅವಕ್ಕೆಲ್ಲ ಸೇರಿ ಬೇಕಾದ ಸೌಲಭ್ಯ ಒದಗಿಸುವುದು. ಕೇಳಲಿಕ್ಕೆ ಚೆನ್ನಾಗಿಯೇ ಇತ್ತು.

೧. ಮೂರು ಶಿಫ್ಟ್

ಮೊದಲು ಹೋಗಿದ್ದು ಬೀಗ ಬಿದ್ದಿದ್ದ ಒಂದು ಗಿರಣಿಗೆ. ಗೇಟಿನಲ್ಲಿ ಮುದಿ ವಾಚ್‌ಮನ್ ಒಬ್ಬನೇ ಕೂತಿದ್ದ. ನಮೂನೆಯಲ್ಲಿ ಒಂದು ಕಾಲಂ ಖಾಲಿ ಬಿಟ್ಟರೂ ಸಾಹೇಬರು ಬೈಯುತ್ತಿದ್ದರು, ಹಾಗಾಗಿ ಕೇಳಲೇಬೇಕಾಯಿತು.

"ಕೆಲಸಗಾರರು ಎಷ್ಟು ಜನ?"

"ನಾನೊಬ್ಬನೇ ರೀ."

"ಎಷ್ಟು ಶಿಫ್ಟ್?"

"ಮೂರೂ ನಂದೇ. ಇನ್ಯಾರು ಬರ್ತಾರ್ರಿ? ಮನಿಗೆ ಹೋಗಿ ವಾರಾತು."

ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಸಾಹೇಬರು ಗಿರಣಿಯ ಹೆಸರು, ಶಿಫ್ಟು ಈ ಎರಡೇ ಕಾಲಂ ಓದುವವರು. ಸಂಜೆಗೆ ವರದಿ ಟೈಪಾಯಿತು: "ಗಿರಣಿ ಮೂರು ಶಿಫ್ಟುಗಳಲ್ಲಿ ನಡೆಯುತ್ತಿದೆ."

೨. ಹಿಟ್ಟಿನ ಗಿರಣಿ

ಹರಿಹರದ ಒಂದು ಓಣಿಯಲ್ಲಿ ಮನೆಮನೆಗೂ ಕಬ್ಬಿಣ ಕಡೆಯುವ ಲೇತ್ ಇವೆ ಎಂದು ಗೊತ್ತಾಗಿ ಅಲ್ಲಿಗೆ ಹೋದೆ. ನನ್ನ ಫೈಲು ಕಂಡದ್ದೇ ತಡ, ದಡದಡ ಬಾಗಿಲು ಮುಚ್ಚಿಕೊಂಡವು. ಒಬ್ಬ ಮೇಸ್ತ್ರಿ ಮಾತ್ರ ಹೊರಗೆ ಸಿಕ್ಕಿಬಿದ್ದ. ಮೊಣಕೈವರೆಗೆ ಎಣ್ಣೆ, ತಲೆಗೂದಲಲ್ಲಿ ಕಬ್ಬಿಣದ ಚೂರು.

"ಇಲ್ಲಿ ಲೇತ್ ಎಲ್ಲೈತೆ ಸಾರ್? ಒಳಗೆ ಇರೋದು ಹಿಟ್ಟಿನ ಗಿರಣಿ."

"ಹಂಗಾದ್ರೆ ನನಗೊಂದು ಸೇರು ಜೋಳ ಬೀಸಿಕೊಡ್ರಿ" ಎಂದೆ.

ಮೇಸ್ತ್ರಿ ತಲೆಯ ಚೂರು ಕೊಡವಿಕೊಂಡು, "ಹಿಟ್ಟು ಸ್ವಲ್ಪ ಗಟ್ಟಿ ಬರ್ತೈತೆ ಸಾರ್" ಎಂದ.

ನಾನು ತೆರಿಗೆಯವನಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಕರೆದು ಚಹಾ ಕೊಟ್ಟ. ದೊಡ್ಡ ಕಾರ್ಖಾನೆಯೊಂದು ಮುಚ್ಚಿದಾಗ ಬೀದಿಗೆ ಬಿದ್ದವರೆಲ್ಲ ಕೈಗೆ ಸಿಕ್ಕ ದುಡ್ಡಿನಲ್ಲಿ ಲೇತ್ ಕೊಂಡಿದ್ದರಂತೆ. ಒಬ್ಬ ಕಡೆಯುತ್ತಾನೆ, ಪಕ್ಕದ ಮನೆಯವನು ತೂತು ಕೊರೆಯುತ್ತಾನೆ, ಎದುರುಮನೆಯವನು ತಿರುಪಿನ ಸುತ್ತು ಹಾಕುತ್ತಾನೆ. ಒಂದು ಪಂಪಿನ ಶಾಫ್ಟು ಐದು ಮನೆ ಹೊಕ್ಕು ಹೊರಡುತ್ತದೆ. ಆದೇಶದಲ್ಲಿದ್ದ ಕ್ಲಸ್ಟರ್ ನನ್ನ ಕಣ್ಣೆದುರಿಗೇ ಇತ್ತು. ಕೊರತೆ ಒಂದೇ: ಶಾಫ್ಟನ್ನು ಕಾಯಿಸಿ ಗಟ್ಟಿ ಮಾಡುವ ಕುಲುಮೆ. ಅದಕ್ಕಾಗಿ ಗೋಣಿಚೀಲ ಹೊತ್ತು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಬೇಕು. ಮಾಲು ತಡವಾಗುತ್ತಿದೆ, ದೀಪಾವಳಿಯೊಳಗೆ ಸರಿಹೋಗದಿದ್ದರೆ ಆರ್ಡರು ಬೇರೆ ಊರಿಗೆ ಎಂದು ಪಂಪಿನ ವ್ಯಾಪಾರಿ ಹೇಳಿಬಿಟ್ಟಿದ್ದ.

"ಕುಲುಮೆ ಒಂದು ಕೊಡಿಸ್ರಿ ಸಾರ್, ಮತ್ತೇನೂ ಬ್ಯಾಡ" ಎಂದ ಮೇಸ್ತ್ರಿ. ಕೊಡಿಸುತ್ತೇನೆ ಎಂದು ನಾನೂ ಎದೆ ತಟ್ಟಿ ಹೇಳಿಬಂದೆ.

೩. ಪೂಜೆ

ಕುಲುಮೆ ಬೇಕೆಂದು ನಾನು ಕಳಿಸಿದ ವರದಿಯ ಪರಿಶೀಲನೆಗೆ ಬೆಂಗಳೂರಿನಿಂದ ಅಧಿಕಾರಿಗಳು ಬರುವ ದಿನ ಗೊತ್ತಾಯಿತು. "ಓಣಿ ಚೊಕ್ಕಟವಾಗಿರಲಿ" ಎಂದಷ್ಟೇ ನಾನು ಹೇಳಿದ್ದು.

ಹೋಗಿ ನೋಡಿದರೆ ಬಾಗಿಲಿಗೆಲ್ಲ ಮಾವಿನ ತೋರಣ. ಲೇತ್‌ಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದಿದ್ದರು. ಗಂಡಸರೆಲ್ಲ ಬಿಳಿ ಅಂಗಿ ತೊಟ್ಟು ಕೈಮುಗಿದು ನಿಂತಿದ್ದರು. ಓಣಿಯಲ್ಲಿ ಒಂದು ಯಂತ್ರದ ಸದ್ದೂ ಇರಲಿಲ್ಲ.

"ಒಂದನ್ನು ನಡೆಸಿ ತೋರಿಸಿ" ಎಂದರು ಅಧಿಕಾರಿ.

ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. "ಪೂಜಿ ಆಗೈತೆ ಸಾರ್. ಇವತ್ತು ಮುಟ್ಟಂಗಿಲ್ಲ. ನಾಳೆ ಬರ್ರಿ."

ನಾನು ಅವನನ್ನು ಮೂಲೆಗೆ ಎಳೆದುಕೊಂಡು ಹೋಗಿ ಕೈಮುಗಿದೆ. "ಒಂದೇ ನಿಮಿಷ ಚಾಲೂ ಮಾಡೋ ಮಾರಾಯ!"

"ಅನ್ನ ಹಾಕೋ ಮಿಷಿನ್ ಸಾರ್. ಆಯುಧಪೂಜಿ ದಿನ ನಿಮ್ಮ ಸ್ಕೂಟರ್ ಒದೀತೀರೇನು?" ಎಂದ. ನಾನೂ ಒದೆಯುವವನಲ್ಲ.

ಅಧಿಕಾರಿಗಳಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಸಮಾರಾಧನೆಯಾಯಿತು. ಎರಡೆರಡು ಸಲ ಹಾಕಿಸಿಕೊಂಡರು. ತಿಂಗಳ ಮೇಲೆ ಅವರ ಟಿಪ್ಪಣಿ ಬಂತು: "ಯಂತ್ರಗಳು ಹೊಚ್ಚ ಹೊಸವು. ಬಳಸಿದ ಗುರುತಿಲ್ಲ. ಇವರಿಗೆ ನಡೆಸಲು ಬಾರದೆಂದು ತೋರುತ್ತದೆ."

೪. ತರಬೇತಿ

ಕುಲುಮೆ ತಿರಸ್ಕೃತವಾಯಿತು. ಅದರ ಬದಲು ಓಣಿಯವರಿಗೆ ಲೇತ್ ನಡೆಸುವ ಪ್ರಾಥಮಿಕ ತರಬೇತಿ, ಮಧ್ಯಾಹ್ನದ ಊಟ ಸಮೇತ, ಮಂಜೂರಾಯಿತು. ನಾನು ಬರೆದ ಮೂರು ಪತ್ರಗಳಿಗೆ ಉತ್ತರವೇ ಬರಲಿಲ್ಲ. ದೀಪಾವಳಿ ಕಳೆಯಿತು, ಆರ್ಡರು ಊರು ಬಿಟ್ಟಿತು. ತರಬೇತಿಯ ದಿನಾಂಕ ಬರುವಷ್ಟರಲ್ಲಿ ಓಣಿಯ ಲೇತ್‌ಗಳೆಲ್ಲ ಗುಜರಿಗೆ ಹೋಗಿದ್ದವು. ಆದರೂ ಸರ್ಕಾರ ಮಂಜೂರು ಮಾಡಿದ್ದನ್ನು ಮಾಡಿ ಮುಗಿಸಲೇಬೇಕು.

ಕಲಿಸುವವರು ಯಾರು? ಜಿಲ್ಲೆಯಲ್ಲೆಲ್ಲ ವಿಚಾರಿಸಿದರೂ ಕೆಲಸ ಗೊತ್ತಿದ್ದವರು ಎಂದು ಜನ ತೋರಿಸಿದ್ದು ಅದೇ ಮೇಸ್ತ್ರಿಯನ್ನು. ಕಲಿಯುವವರ ಪಟ್ಟಿಯಲ್ಲೂ ಮೊದಲ ಹೆಸರು ಅವನದೇ. ಹೀಗಾಗಿ ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ತನ್ನ ಹೆಸರನ್ನು ತಾನೇ ಕೂಗಿ, "ಬಂದೀನ್ರಿ" ಎಂದು ತಾನೇ ಓಗೊಟ್ಟು ಪಾಠ ಶುರುಮಾಡುತ್ತಿದ್ದ. ಲೇತ್ ಇಲ್ಲದ್ದರಿಂದ ಹಲಗೆಯ ಮೇಲೆ ಚಿತ್ರ ಬರೆದು ಪಾಠ. ಇಪ್ಪತ್ತು ವರ್ಷ ಅವನ ಜೊತೆ ದುಡಿದವರು ಹಲಗೆಯನ್ನು ನೋಡುತ್ತ ಕೂರುತ್ತಿದ್ದರು. ಮೊದಲ ದಿನ ನನಗೆ ನಗು ಬಂತು. ಎರಡನೆಯ ದಿನ ನಾಚಿಕೆಯಾಗಿ ಒಳಗೆ ಹೋಗಲಿಲ್ಲ.

ಕೊನೆಗೆ ಬಾಯಿಮಾತಿನ ಪರೀಕ್ಷೆಯಾಯಿತು. ಮೇಸ್ತ್ರಿ ಫಲಿತಾಂಶ ಬರೆದು ಸಹಿ ಹಾಕಿ ನನ್ನ ಕೈಗಿತ್ತ. ನೋಡುತ್ತೇನೆ, ಇಡೀ ತರಗತಿ ಫೇಲು, ಕಲಿಸಿದ ಅವನೂ ಸೇರಿ.

"ಇದೇನಪ್ಪಾ ಇದು?" ಎಂದೆ.

"ಪಾಸಾದ್ರೆ ನಾಳೆಯಿಂದ ಬರಬ್ಯಾಡ ಅಂತೀರಿ" ಎಂದ ಮೇಸ್ತ್ರಿ. "ಫೇಲಾದ್ರೆ ಇನ್ನೊಂದ್ಸಲ ಕಲಿಸಬೇಕಲ್ರಿ. ಮಧ್ಯಾಹ್ನದ ಊಟ ಆದ್ರೂ ನಡೀತೈತೆ."