ಚಿಕ್ಕಪ್ಪ ಮನೆಗೆ ತಂದ ಹಿಮಾಲಯ

ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಎಲ್ಲಿ ಹುಡುಕಿದರೂ ನಮ್ಮ ಚಿಕ್ಕಪ್ಪನಷ್ಟು ಅಪಾಯಕಾರಿ ಮನುಷ್ಯ ಇನ್ನೊಬ್ಬರಿರಲಿಲ್ಲ. ಕತ್ತಿ ಚೂರಿ ಏನೂ ಇಲ್ಲ, ಹೆಗಲ ಚೀಲದಲ್ಲಿ ಒಂದು ಫೋಟೋ ಆಲ್ಬಮ್, ಅಷ್ಟೇ! ಅವರು ಚೀಲದ ಜಿಪ್ಪಿಗೆ ಕೈ ಹಾಕಿದರೆಂದರೆ ಮನೆಗೆ ಬಂದ ನೆಂಟರಿಗೆಲ್ಲ ಒಮ್ಮೆಲೇ ಲೋಕಲ್ ಗಾಡಿಯ ಹೊತ್ತು ನೆನಪಾಗುತ್ತಿತ್ತು.

ಆಲ್ಬಮಿನ ತುಂಬ ನೇಪಾಳ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಚಿಕ್ಕಪ್ಪ ಮಹಾಪೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅಲ್ಲಿನ ವಾಚ್‌ಮನ್ ಪೋಖರಾದ ಮೇಲಿನ ಒಂದು ಹಳ್ಳಿಯವನು. "ಸಾಬ್, ಕಭೀ ಹಮಾರೆ ಗಾಂವ್ ಆವೋ" ಎಂದು ಲೋಕಾಭಿರಾಮವಾಗಿ ತನ್ನ ಊರಿಗೆ ಕರೆದಿದ್ದ. ಇಂಥ ಮಾತಿಗೆ ನೀವು ನಾವು ಏನು ಮಾಡುತ್ತೇವೆ? "ಜರೂರ್, ಜರೂರ್" ಎಂದು ಚಹಾ ಕುಡಿದು ಎದ್ದು ಬರುತ್ತೇವೆ. ಚಿಕ್ಕಪ್ಪ ರಜೆ ಹಾಕಿ, ಕಲ್ಯಾಣದಲ್ಲಿ ಗೋರಖಪುರದ ಗಾಡಿ ಹತ್ತಿ ಹೋಗಿಯೇಬಿಟ್ಟರು!

ಅದೂ ಒಬ್ಬರೇ. ಹಾಗೆ ನೋಡಿದರೆ ಹಿಮದ ಬೆಟ್ಟದ ಹುಚ್ಚು ಇದ್ದದ್ದು ಚಿಕ್ಕಪ್ಪನಿಗಲ್ಲ, ಚಿಕ್ಕಮ್ಮನಿಗೆ. ಉಡುಪಿ ಕಡೆಯ ಶಾಲೆಯಲ್ಲಿ ಭೂಗೋಳದ ಪುಸ್ತಕದಲ್ಲಿ ಕಂಡ ಬಿಳಿ ಬೆಟ್ಟ ಅವರ ತಲೆಯೊಳಗೆ ಕೂತುಬಿಟ್ಟಿತ್ತು. ಆದರೆ ರಿಕ್ಷಾದಲ್ಲಿ ಸ್ಟೇಷನ್ನಿಗೆ ಹೋದರೂ ಅವರಿಗೆ ವಾಂತಿ. ಘಾಟಿಯ ಬಸ್ಸಿನ ಮಾತು ಕೇಳುವುದೇ ಬೇಡ. ಅದರ ಮೇಲೆ ಠಾಣೆಯ ಕಣ್ಣಿನ ಡಾಕ್ಟರು ಇಬ್ಬರನ್ನೂ ಕೂರಿಸಿ, ಚಿಕ್ಕಮ್ಮನ ದೃಷ್ಟಿ ನಿಧಾನವಾಗಿ ಹೋಗುತ್ತದೆ, ತಡೆಯುವ ಉಪಾಯ ತಮ್ಮಲ್ಲಿಲ್ಲ ಎಂದು ಹೇಳಿದ್ದರು. ಚಿಕ್ಕಪ್ಪ ಕ್ಯಾಮೆರಾ ಕೊಂಡದ್ದು ಆಮೇಲೆ. ಹೆಂಡತಿಗೆ ಕಣ್ಣಿರುವಾಗಲೇ ಬೆಟ್ಟವನ್ನು ಮನೆಗೆ ತರಬೇಕೆಂದು ಹಟ ಹಿಡಿದರು.

ತಂದರು. ನಮ್ಮ ಶಿಕ್ಷೆಯೂ ಶುರುವಾಯಿತು. ಆ ಊರಿನಲ್ಲಿ ಮಂತ್ರ ಕೆತ್ತಿದ ಕಲ್ಲಿನ ಗೋಡೆಗಳಿರುತ್ತವಂತೆ, ಅವನ್ನು ಬಲಕ್ಕಿಟ್ಟುಕೊಂಡೇ ದಾಟಬೇಕಂತೆ. ಚಿಕ್ಕಪ್ಪ ಅದೇ ನಿಯಮವನ್ನು ಆಲ್ಬಮಿಗೂ ಹಾಕಿದರು. ಪುಟಗಳು ಮುಂದಕ್ಕೇ ಹೋಗಬೇಕು, ಹಿಂದಕ್ಕೆ ತಿರುಗಿಸಿದವರು ಮೊದಲಿನಿಂದ ನೋಡಬೇಕು! ನಮ್ಮಪ್ಪ ಒಮ್ಮೆ ಆ ತಪ್ಪು ಮಾಡಿ, ಮಧ್ಯಾಹ್ನದ ಊಟವನ್ನು ಸಂಜೆಯ ಚಹಾದ ಜೊತೆ ಮಾಡಿದರು.

ಬೆಳಗಿನ ಲೋಕಲ್ಲಿನಲ್ಲೂ ಆಲ್ಬಮ್ ಹೊರಗೆ ಬರುತ್ತಿತ್ತು. ಆ ನೂಕುನುಗ್ಗಲಿನಲ್ಲಿ ಜನ ಓಡುವುದಾದರೂ ಎಲ್ಲಿಗೆ? ಠಾಣೆಗೆ ಹೊರಟ ಒಬ್ಬರು ಅದಕ್ಕಿಂತ ಹಿಂದಿನ ಕಳವಾ ಸ್ಟೇಷನ್ನಿನಲ್ಲೇ ಇಳಿದು ಮುಂದಕ್ಕೆ ನಡೆದುಕೊಂಡು ಹೋದರೆಂದು ಕೇಳಿದ್ದೇನೆ.

ಚಿಕ್ಕಮ್ಮ ಮಾತ್ರ ಪ್ರತಿ ಫೋಟೋವನ್ನೂ ಕಣ್ಣಿಗೆ ತಾಗಿಸಿಕೊಂಡು ನೋಡುತ್ತಿದ್ದರು. ಹೊರೆಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಏರು ಹತ್ತುವ ಹೆಂಗಸರು, ಅಂಗಳದಲ್ಲಿ ಒಣಗುವ ರಾಗಿ, ಬೆಳಗಿನ ಬಿಸಿಲಿಗೆ ಕೇಸರಿಯಾದ ಶಿಖರ. "ಇನ್ನೂ ಸ್ವಲ್ಪ ದೊಡ್ಡದು ಮಾಡಿಸಬಹುದಲ್ಲವಾ" ಎನ್ನುತ್ತಿದ್ದರು. ಕಣ್ಣು ಮಂಜಾದಂತೆಲ್ಲ ಫೋಟೋ ದೊಡ್ಡದಾಯಿತು. ಕೊನೆಗೆ ಠಾಣೆಯ ಸ್ಟುಡಿಯೋದಲ್ಲಿ ಮಾಡಿಸಿದ ಒಂದು ಶಿಖರ ಎಷ್ಟು ದೊಡ್ಡದೆಂದರೆ, ಅದನ್ನು ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಲ್ಲಿಸಿಕೊಂಡು ತರಬೇಕಾಯಿತು. ಮೀನು ಮಾರುವ ಹೆಂಗಸೊಬ್ಬಳು ಅದನ್ನು ಬಹಳ ಹೊತ್ತು ನೋಡಿ, "ಏವಢಾ ಬರ್ಫ! ಆಣಿ ಆಮ್ಹಿ ರೋಜ್ ವಿಕತ್ ಘೇತೋ" ಎಂದು ನಿಟ್ಟುಸಿರು ಬಿಟ್ಟಳಂತೆ. ಅಷ್ಟೊಂದು ಐಸು ಅಲ್ಲಿ ಸುಮ್ಮನೆ ಬಿದ್ದಿರುವಾಗ ತಾನು ದಿನಾ ಕೊಂಡುಕೊಳ್ಳಬೇಕಲ್ಲ ಎಂಬ ಸಂಕಟ ಅವಳದು. "ನನ್ನ ಫೋಟೋವನ್ನು ಅಷ್ಟು ಮನಸ್ಸಿಟ್ಟು ನೋಡಿದವರು ಬೇರೆ ಯಾರೂ ಇಲ್ಲ ಮಾರಾಯ" ಎಂದು ಚಿಕ್ಕಪ್ಪ ಹೇಳಿಕೊಂಡು ತಿರುಗಿದರು.

ಒಂದು ಕೋಣೆ, ಒಂದು ಅಡುಗೆಮನೆಯ ಆ ಮನೆಯಲ್ಲಿ ಹಿಮಾಲಯಕ್ಕೆ ಜಾಗವೆಲ್ಲಿ? ಕಪಾಟಿನ ಬಾಗಿಲಿಗೇ ಒರಗಿಸಿಟ್ಟರು. ಅಂಗಿ ಬೇಕಾದವರು ಮೊದಲು ಶಿಖರವನ್ನು ಸರಿಸಬೇಕು! ಹೊರಗಿನ ಗ್ಯಾಲರಿಯಲ್ಲಿ ನೇಪಾಳದಿಂದ ತಂದ ಐದು ಬಣ್ಣದ ಪ್ರಾರ್ಥನೆಯ ಬಾವುಟಗಳು. ಕಟ್ಟಡದ ಸೊಸೈಟಿಯ ಸೆಕ್ರೆಟರಿ ಬಂದು ಇದು ಯಾವ ಪಾರ್ಟಿಯದು ಎಂದು ವಿಚಾರಿಸಿದ. "ಪಾರ್ಟಿ ಗೀರ್ಟಿ ಅಲ್ಲ. ಬಾವುಟದ ಮೇಲಿನ ಮಂತ್ರವನ್ನು ಗಾಳಿ ಓದಿಕೊಂಡು ಹೋಗ್ತದೆ" ಎಂದರು ಚಿಕ್ಕಪ್ಪ. ಸೆಕ್ರೆಟರಿ ಊರಂಚಿನ ಕೆಮಿಕಲ್ ಕಾರ್ಖಾನೆಗಳ ಕಡೆಗೆ ಮೂಗು ತಿರುಗಿಸಿದ. ಇಲ್ಲಿನ ಗಾಳಿಗೆ ಕೆಮ್ಮುವುದಕ್ಕೇ ಪುರುಸೊತ್ತಿಲ್ಲ, ಓದುವುದು ಯಾವಾಗ ಎಂದು ಕೇಳಿ ಹೊರಟುಹೋದ.

ಹೀಗಿರುವಾಗ ಒಂದು ಭಾನುವಾರ ಚಿಕ್ಕಮ್ಮ ಆ ದೊಡ್ಡ ಫೋಟೋದ ಮೇಲೆ ಕೈಯಾಡಿಸುತ್ತ, "ಇದು ಕಪಾಟಾ, ಬೆಟ್ಟವಾ?" ಎಂದು ಕೇಳಿದರು. ನಾನು ಅಲ್ಲೇ ಇದ್ದೆ. ಚಿಕ್ಕಪ್ಪನ ಮುಖ ನೋಡಲಾಗಲಿಲ್ಲ ನನಗೆ. ಅದಕ್ಕಿಂತ ದೊಡ್ಡ ಫೋಟೋ ಯಾವ ಸ್ಟುಡಿಯೋದಲ್ಲೂ ಆಗುತ್ತಿರಲಿಲ್ಲ.

"ಇನ್ನು ಫೋಟೋ ಸಾಕು. ನನ್ನನ್ನೇ ಕರ್ಕೊಂಡು ಹೋಗಿ" ಎಂದರು ಚಿಕ್ಕಮ್ಮ.

"ವಾಂತಿ ಮಾಡ್ತೀಯಲ್ಲ ಮಾರಾಯ್ತಿ."

"ಮಾಡ್ತಾ ಮಾಡ್ತಾ ಹೋಗುವ. ಕಾಣದಿದ್ದರೂ ಅದರ ಎದುರು ಒಮ್ಮೆ ನಿಲ್ಬೇಕು ನನಗೆ."

ನಾವೆಲ್ಲ ಬೇಡವೆಂದೆವು. ಕೇಳುವ ಜನವೇ ಅವರು? ಹೋದರು. ಗೋರಖಪುರದಿಂದಾಚೆ ಪ್ರತಿ ತಿರುವಿನಲ್ಲೂ ಚಿಕ್ಕಮ್ಮ ವಾಂತಿ ಮಾಡಿದರಂತೆ, ಚಿಕ್ಕಪ್ಪ ಬೆನ್ನು ತಿಕ್ಕುತ್ತ ಕೂತಿದ್ದರಂತೆ.

ಅವರು ತಿರುಗಿ ಬಂದ ಮೇಲೆ, ಜನ್ಮದಲ್ಲಿ ಮೊದಲ ಬಾರಿಗೆ, ನಾನಾಗಿಯೇ ಫೋಟೋ ಕೇಳಿ ತೆಗೆದುಕೊಂಡೆ. ಚಿಕ್ಕಮ್ಮ ಶಾಲು ಹೊದ್ದು ಮುಖವೆತ್ತಿ ನಿಂತಿದ್ದಾರೆ. ಇನ್ನೊಂದರಲ್ಲಿ ಕಣ್ಣು ಮುಚ್ಚಿದ್ದಾರೆ. ಮತ್ತೊಂದರಲ್ಲಿ ಬಾಯ್ತುಂಬ ನಗು, ಕೆನ್ನೆಯ ಮೇಲೆ ನೀರು. ನೋಡುತ್ತ ಹೋದೆ, ರೋಲಿಗೆ ರೋಲೇ ಚಿಕ್ಕಮ್ಮ.

"ಬೆಟ್ಟ ಎಲ್ಲಿ ಚಿಕ್ಕಪ್ಪ?" ಎಂದು ಮೆಲ್ಲಗೆ ಕೇಳಿದೆ.

"ನನ್ನ ಬೆನ್ನ ಹಿಂದೆ ಇತ್ತು" ಎಂದರು. "ಅವಳು ಅದರ ಕಡೆ ಮುಖ ಮಾಡಿ ನಿಂತಿದ್ದಳು. ನನಗೆ ತಿರುಗಿ ನೋಡ್ಲಿಕ್ಕೇ ಆಗಲಿಲ್ಲ."

ಅಡುಗೆಮನೆಯಿಂದ ಚಿಕ್ಕಮ್ಮ ಗೋಡೆ ಸವರಿಕೊಂಡು ಬಂದು ನನ್ನ ಪಕ್ಕ ಕೂತರು. "ಎಷ್ಟು ದೊಡ್ಡದುಂಟು ಗೊತ್ತಾ ಮಗಾ, ಅದರ ತಂಪು ಮುಖಕ್ಕೇ ಬಂದು ತಾಗ್ತದೆ. ಫೋಟೋದಲ್ಲಿ ಚೆನ್ನಾಗಿ ಬಂದಿದೆಯಾ?"

ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ಚಿಕ್ಕಮ್ಮನ ಕೈ ಹಿಡಿದುಕೊಂಡು, "ಬಂದಿದೆ ಚಿಕ್ಕಮ್ಮ, ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ" ಎಂದೆ.