ಕಂಬಳಿ ಅಜ್ಜಿಯ ಗ್ಯಾರಂಟಿ

ಕೈಕಸುಬಿನವರ ಮಾಲು ಮಾರಿಸಿಕೊಡೋ ಚಿಕ್ಕದೊಂದು ಸಂಘ ಚಿತ್ರದುರ್ಗದಲ್ಲಿದೆ, ಅದರಲ್ಲಿ ನನಗೆ ಕೆಲಸ. "ಪರಿಸರಸ್ನೇಹಿ ಕರಕುಶಲ ವಸ್ತುಗಳು" ಅಂತ ಬ್ಯಾನರ್ ಹಿಡಿದು ಊರೂರು ತಿರುಗೋಳಿಗೆ ನಗು ಬಿಟ್ಟಿ ಸಂಬಳ. ಅದರಲ್ಲೂ ಹಿರೇಗುಂಟನೂರು ಕಡೆಯ ಕಂಬಳಿ ಅಜ್ಜಿ ಜೊತೆಗಿದ್ದರೆ ಮುಗೀತು, ಏನಾದರೊಂದು ಆಗಿಯೇ ಆಗುತ್ತೆ.

ಅಜ್ಜಿ ಉಣ್ಣೆ ನೂಲ್ತಾಳೆ, ಮಗ ಮನೆಯ ಕುರಿ ಮೇಯಿಸಿ ಬಂದು ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯ್ತಾನೆ. ಅವರೂರಲ್ಲಿ ಉಳಿದಿರೋ ಮಗ್ಗ ಅದೊಂದೇ. "ವ್ಯಾಪಾರ ಎಲ್ಲೈತೆ ಮೇಡಂ? ಗುಂಡಿ ಮುಚ್ಚಿ ದುರ್ಗದಾಗೆ ವಾಚ್‌ಮನ್ ಕೆಲಸಕ್ಕೆ ಹೋಗ್ತೀನಿ" ಅನ್ನೋದು ಮಗನ ನಿತ್ಯದ ಪಲ್ಲವಿ. ಅದನ್ನು ಕೇಳಿದಾಗಲೆಲ್ಲ ನಾನು ಬ್ಯಾನರ್ ಎತ್ಕೊಂಡು ಇನ್ನೊಂದು ಊರಿಗೆ ಹೊರಡ್ತೀನಿ.

ಬಣ್ಣ ಹಾಕಿದ್ದು ಯಾರು?

ಹಿರಿಯೂರಿನಲ್ಲಿ ಮಳಿಗೆ ಹಾಕಿದ್ದೆವು. ಕೂಲಿಂಗ್ ಗ್ಲಾಸಿನ ಒಬ್ಬಾಕೆ ಕಂಬಳಿ ಎತ್ತಿ ಮೂಸಿ, ಮುಖ ಹಿಂಡಿದಳು.

"ಕುರಿ ವಾಸನೆ ಬರುತ್ತಲ್ಲ!"

"ಕುರೀದು ಕಣವ್ವ, ಮಲ್ಲಿಗೆ ವಾಸನೆ ಎಲ್ಲಿಂದ ಬಂದಾತು?" ಅಂದಳು ಅಜ್ಜಿ.

ನಾನು ನಡುವೆ ಬಾಯಿ ಹಾಕಿ, ಇದಕ್ಕೆ ರಾಸಾಯನಿಕ ಏನೂ ಸೋಕಿಲ್ಲ, ಹುಣಸೆಬೀಜದ ಗಂಜಿ ಬಿಟ್ಟರೆ ಬೇರೇನೂ ಇಲ್ಲ ಅಂತ ಭಾಷಣ ಬಿಗಿದೆ. ಆಕೆಗೆ ಅನುಮಾನ ಹೋಗಲಿಲ್ಲ. "ಮತ್ತೆ ಇಷ್ಟು ಕಪ್ಪು ಬಣ್ಣ? ಯಾರು ಹಾಕಿದ್ದು?"

"ಕುರಿಯವ್ವ ಹಾಕಿದ್ದು" ಅಂದಳು ಅಜ್ಜಿ. "ಹುಟ್ಟಿದಾಗ ಹಾಕಿದ್ದು, ಇವತ್ತಿಗೂ ಬಿಟ್ಟಿಲ್ಲ."

ಎರಡು ಮೊಳ

ಹೊಸದುರ್ಗದ ಧ್ಯಾನದ ಮೇಷ್ಟ್ರೊಬ್ಬರು ಉಣ್ಣೆ ಆಸನ ಬೇಕು ಅಂದರು. ನಾನು ಜಾಣೆ, ಅಜ್ಜಿ ಮನೆಗೆ ಫೋನ್ ಮಾಡಿ "ಎರಡೆರಡು ಮೊಳ" ಅಂದುಬಿಟ್ಟೆ. ಅಜ್ಜಿಯ ಮಗ ತೆಂಗಿನಮರದಷ್ಟು ಉದ್ದದ ಆಸಾಮಿ, ಅಜ್ಜಿ ನನ್ನ ಭುಜಕ್ಕೆ ಬರ್ತಾಳೆ. ಅರ್ಧದಷ್ಟು ಆಸನಗಳನ್ನು ಮಗ ತನ್ನ ಮೊಳದಲ್ಲಿ ಕತ್ತರಿಸಿ ಹೊಳಲ್ಕೆರೆ ಸಂತೆಗೆ ಹೋದ. ಉಳಿದದ್ದನ್ನು ಅಜ್ಜಿ ತನ್ನ ಮೊಳದಲ್ಲಿ ಕತ್ತರಿಸಿದಳು.

ಸಾಲಾಗಿ ಹಾಸಿದ ಮೇಲೆ ಮೇಷ್ಟ್ರು ನೋಡಿ ಕಣ್ಣು ಮುಚ್ಚಿ ದೀರ್ಘ ಉಸಿರೆಳೆದರು. ಅಜ್ಜಿ ಸಮಾಧಾನ ಹೇಳಿದಳು: "ಉದ್ದ ಇರೋರು ಉದ್ದದ್ರ ಮ್ಯಾಲೆ ಕುಂತ್ಕಳ್ರಿ, ಗಿಡ್ಡ ಇರೋರು ಗಿಡ್ಡದ್ರ ಮ್ಯಾಲೆ. ದೇವರೇನು ಎಲ್ಲರ್ನೂ ಒಂದೇ ಅಳತಿಗೆ ಮಾಡ್ಯಾನಾ?"

ಮೇಷ್ಟ್ರು ಒಪ್ಪಲಿಲ್ಲ. ಆಸನಗಳು ವಾಪಸ್ ಬಂದವು. ಸಿಟ್ಟಿಗೆದ್ದ ಮಗ ಮಂಕರಿ ತುಂಬ ಮಣ್ಣು ತಂದು ಮಗ್ಗದ ಪಕ್ಕ ಇಟ್ಟ, ಗುಂಡಿ ಮುಚ್ಚೋಕೆ. ಮುಂದಿನ ವಾರ ನಾನು ಹೆದರುತ್ತಾ ಹೋಗಿ ನೋಡಿದೆ. ಮಣ್ಣು ಮಂಕರಿಯಲ್ಲೇ ಇತ್ತು.

"ಕುಂಬಳ ಬೀಜ ಊರೀನಿ, ಮೊಳಕೆ ಬಂದೈತೆ" ಅಂದಳು ಅಜ್ಜಿ ಮೆಲ್ಲಗೆ. "ಈಗ ಹೆಂಗ್ ಸುರೀತಾನೋ ಸುರೀಲಿ!"

ಗ್ಯಾರಂಟಿ

ಕೊನೆಗೆ ಬೆಂಗಳೂರಿನ ದೊಡ್ಡ ಅಂಗಡಿಯೊಂದರಿಂದ ಮಾಲು ನೋಡೋಕೆ ಒಬ್ಬ ಹುಡುಗ ಅಜ್ಜಿ ಮನೆಗೇ ಬಂದ. ಬಿಳಿ ಅಂಗಿ, ಕೈಯಲ್ಲಿ ಮೊಬೈಲು. ಅವನು ಒಪ್ಪಿದರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ಮಗ ಸೋಮವಾರವೇ ವಾಚ್‌ಮನ್ ಸಮವಸ್ತ್ರ ಹಾಕೋನಿದ್ದ.

ಹುಡುಗ ಕಂಬಳಿ ಮುಟ್ಟಿ ಮುಟ್ಟಿ ನೋಡಿ, "ಇದು ನೀರು ತಡೆಯುತ್ತೆ ಅಂತೀರಿ, ಏನಮ್ಮಾ ಗ್ಯಾರಂಟಿ?" ಅಂದ.

ಕೇಳಬಾರದಿತ್ತು. ಅಜ್ಜಿ ಕಂಬಳಿ ಮಡಚಿ, ಮಳೆಯಲ್ಲಿ ಕುರಿ ಕಾಯೋರು ಹಾಕ್ಕೊಳ್ಳೋ ಹಾಗೆ ಕೊಪ್ಪೆ ಮಾಡಿ ಅವನ ತಲೆ ಮೇಲೆ ಹಾಕಿದಳು. ನಾನು "ಅಜ್ಜೀ!" ಅನ್ನೋದರೊಳಗೆ ಬಿಂದಿಗೆ ನೀರು ದಬದಬ ಸುರಿದಾಗಿತ್ತು.

ಹುಡುಗ ಕಿರುಚಿ ಅಂಗಳಕ್ಕೆ ಓಡಿದ, ಕುರಿ ರೊಪ್ಪದ ಗೇಟಿಗೆ ಡಿಕ್ಕಿ ಹೊಡೆದ. ಗೇಟು ತೆರೆದುಕೊಂಡಿತು. ಒಳಗಿದ್ದ ಕುರಿಗಳಿಗೆ ಕಂಡದ್ದು ಕೊಪ್ಪೆ ಒಂದೇ. ದಿನಾ ಮೇಯಿಸೋ ಅಜ್ಜಿಯ ಮಗನೇ ಹೊರಟ ಅಂದುಕೊಂಡು ಅವನ ಹಿಂದೆಯೇ ನಡೆದವು. ಅವನು ಓಡಿದರೆ ಓಡ್ತವೆ, ನಿಂತರೆ ನಿಲ್ತವೆ. ನಮ್ಮ ಕೆಲಸ ಕೆಟ್ಟೇಹೋಯ್ತು ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಅಷ್ಟರಲ್ಲಿ ಕಂಬಳಿಯೊಳಗೆ ಫೋನು ಹೊಡಕೊಂಡಿತು. ಕುರಿಗಳ ನಡುವೆ ನಿಂತು ಹುಡುಗ ತನ್ನ ಸಾಹೇಬರಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು: "ಇಲ್ಲ ಸಾರ್, ಅಂಗಿ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಆರ್ಡರ್ ಕೊಟ್ಟುಬಿಡೋಣ. ಆಮೇಲೆ ಮಾತಾಡ್ತೀನಿ ಸಾರ್, ಇಲ್ಲಿ ಸ್ವಲ್ಪ ಜನ ಜಾಸ್ತಿ ಇದಾರೆ."

ಪಕ್ಕಕ್ಕೆ ತಿರುಗಿ ನೋಡಿದರೆ ಮಗ ಇಲ್ಲ! ಒಳಗಿನಿಂದ ಆಗಲೇ ಮಗ್ಗದ ಸದ್ದು ಬರ್ತಿತ್ತು. ನನಗೆ ಅಳುವೂ ಬಂತು, ನಗುವೂ ಬಂತು.

ಅಜ್ಜಿ ಮಾತ್ರ ಸೆರಗಲ್ಲಿ ಕಣ್ಣೊರೆಸಿಕೊಂಡು, ಹುಡುಗನಿಗೆ ಕೂಗಿ ಹೇಳಿದಳು:

"ಏನಪ್ಪಾ, ಹಂಗೇ ಒಂದು ಸುತ್ತು ಮೇಯಿಸ್ಕೊಂಡು ಬಾರಪ್ಪಾ. ನನ್ ಮಗನಿಗೆ ಇನ್ನು ಪುರುಸೊತ್ತಿಲ್ಲ!"